ಪ್ರಶಸ್ತಿ ತಂದುಕೊಟ್ಟ ಸಾವು

ಎಡವಟ್ಟಿಗೆಲ್ಲ ಮೂಲ ಒಂದೇ ಒಂದು ಮಾತು. ಲೆಬನಾನಿನ ಟ್ರಿಪೊಲಿಯ ಹಳೇಪೇಟೆಯಲ್ಲಿ ಅಬೂ ನಸೀಫನ, ಅಂದರೆ ನಸೀಫನ ಅಪ್ಪನ, ಕುನಾಫ ಸಿಹಿಯಂಗಡಿ ಮೂರು ದಿನದಿಂದ ಮುಚ್ಚಿತ್ತು. ಕಾಲೇಜು ಪತ್ರಿಕೆಯ ವರದಿಗಾರ ನಬೀಹ್ ತಲೆಯೆತ್ತಿ, ಪಕ್ಕದ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದ ಉಮ್ಮ್ ಶೌಕಿಯನ್ನು ಕೇಳಿದ: "ಅಬೂ ನಸೀಫ್ ಎಲ್ಲಿ?"

ಆಕೆ ನಿಟ್ಟುಸಿರುಬಿಟ್ಟಳು. "ಹೋಗ್ಬಿಟ್ರಪ್ಪಾ!"

ನಬೀಹ್ ಕಣ್ಣೊರೆಸಿಕೊಂಡು, ನಿಂತಲ್ಲೇ ಶ್ರದ್ಧಾಂಜಲಿ ಬರೆದ. ಊರಿನ ಬಾಯಿ ಸಿಹಿ ಮಾಡಿದ ಆ ಕೈಗಳ ಬಗ್ಗೆ ಬರೆದದ್ದು ಎಷ್ಟು ಸೊಗಸಾಗಿತ್ತೆಂದರೆ, ಆ ವರ್ಷದ ವಿದ್ಯಾರ್ಥಿ ಪತ್ರಕರ್ತರ ಪ್ರಶಸ್ತಿ ಅದಕ್ಕೇ ಬಂತು. ಕಾಲೇಜು ಪತ್ರಿಕೆ ಓದುವವರು ಕೇರಿಯಲ್ಲಿ ಯಾರೂ ಇರಲಿಲ್ಲವಾಗಿ, ಸಾವಿನ ಸುದ್ದಿ ಸಾವಿನ ಮನೆಗೇ ಮುಟ್ಟಿರಲಿಲ್ಲ.

ಪ್ರಶಸ್ತಿಯ ದಿನ ನಬೀಹ್ ಕನ್ನಡಿ ಮುಂದೆ ಟೈ ಬಿಗಿಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸತ್ತವನೇ ನಿಂತಿದ್ದಾನೆ! ಸೈಪ್ರಸ್‌ನ ಮಗಳ ಮನೆಯಿಂದ ಆಗಷ್ಟೇ ಬಂದಿಳಿದಿದ್ದ. ಕೈಯಲ್ಲಿ ಪತ್ರಿಕೆ, ಪಕ್ಕದಲ್ಲಿ ಅದನ್ನು ಎಲ್ಲಿಂದಲೋ ಹುಡುಕಿ ತಂದ ಉಮ್ಮ್ ಶೌಕಿ.

"ಇದು ನೀನೇ ಬರ್ದಿದ್ದಾ ಮಗಾ?"

"ಅಬೂ ನಸೀಫ್, ನಿಮ್ಮ ಕೈಗೆ ಮುತ್ತಿಡ್ತೀನಿ, ತಪ್ಪಾಯ್ತು..."

"ತಪ್ಪೆಂಥದು? ಇಷ್ಟು ಒಳ್ಳೆ ಮಾತು ನನ್ ಹೆಂಡ್ತಿ ಬಾಯಲ್ಲಿ ಒಂದ್ಸಲಾನೂ ಬಂದಿಲ್ಲ! ನಾನೂ ಬರ್ತೀನಿ ಸಮಾರಂಭಕ್ಕೆ."

"ನಾನೂ," ಎಂದಳು ಉಮ್ಮ್ ಶೌಕಿ. "ಸುದ್ದಿ ಕೊಟ್ಟೋಳು ನಾನಲ್ವಾ?"

ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿಕೊಂಡು ನಬೀಹ್ ಇಬ್ಬರನ್ನೂ ಕೊನೇ ಸಾಲಿನಲ್ಲಿ ಕೂರಿಸಿದ. ತೀರ್ಪುಗಾರ್ತಿ ಪ್ರೊಫೆಸರ್ ಹುದಾ ಗದ್ಗದ ಕಂಠದಿಂದ ಶ್ರದ್ಧಾಂಜಲಿ ಓದಿ, ಅಗಲಿದ ಚೇತನಕ್ಕಾಗಿ ಒಂದು ನಿಮಿಷ ಮೌನ ಕೋರಿದಳು. ಸಭೆಗೆ ಸಭೆಯೇ ಎದ್ದು ನಿಂತಿತು. ಎಲ್ಲರಿಗಿಂತ ಹೆಚ್ಚು ಅತ್ತವನು ಅಗಲಿದ ಚೇತನವೇ.

ಆಗಲೇ ಅವನ ಜೇಬಿನಲ್ಲಿ ಫೋನು ಕಿರುಚಿತು.

"ಹಾಂ, ಅಬೂ ನಸೀಫೇ ಮಾತಾಡೋದು! ಎರಡು ಕಿಲೋ ಕುನಾಫಾನಾ? ಸಂಜೆಗೆ ಕಳಿಸ್ತೀನಿ!"

ಇನ್ನೂರು ತಲೆಗಳು ಒಟ್ಟಿಗೆ ತಿರುಗಿದವು. ನಬೀಹನ ಮುಖ ಸುಣ್ಣದಂತಾಯಿತು.

"ನಾನು ಅವ್ರ ಅವಳಿ ತಮ್ಮ," ಎಂದ ಅಬೂ ನಸೀಫ್, ಮೂಗೊರೆಸಿಕೊಳ್ಳುತ್ತ. "ನನ್ ಮಗನ ಹೆಸ್ರೂ ನಸೀಫೇ. ಹಂಗಾಗಿ ನಾನೂ ಅಬೂ ನಸೀಫ್."

ಸಭೆ ಕರಗಿ ನೀರಾಯಿತು. ಪ್ರೊಫೆಸರ್ ಹುದಾ ಫಲಕವನ್ನು ನಬೀಹನ ಕೈಗಿತ್ತಳು. ಚಪ್ಪಾಳೆಯೋ ಚಪ್ಪಾಳೆ. ನಬೀಹ್ ಬೋನಿನಿಂದ ಬಾಲ ಬಿಡಿಸಿಕೊಂಡ ಇಲಿಯಂತೆ ಉಸಿರುಬಿಟ್ಟ.

ಅಷ್ಟರಲ್ಲಿ ಮೊದಲ ವರ್ಷದ ಹುಡುಗಿ ಲಮೀಸ್ ಟಿಪ್ಪಣಿ ಪುಸ್ತಕ ಹಿಡಿದು ಎದ್ದಳು. "ಮೇಡಂ, ಇವ್ರ ಪಕ್ಕದ್ಮನೆಯವ್ರನ್ನ ಕೇಳ್ದೆ. ಇವ್ರಿಗೆ ತಮ್ಮನೇ ಇಲ್ವಂತೆ. ಅವ್ರಿಂದ್ಲೇ ನಂಬರ್ ತಗೊಂಡು ಸೈಪ್ರಸ್‌ಗೆ ಫೋನ್ ಮಾಡಿ ಮಗಳನ್ನೂ ಕೇಳ್ದೆ. ಅಪ್ಪ ಬೆಳಿಗ್ಗೆ ಇಲ್ಲಿಂದ್ಲೇ ಹೊರಟ್ರು, ಗಟ್ಟಿಮುಟ್ಟಾಗಿದಾರೆ ಅಂದ್ರು."

ಉಮ್ಮ್ ಶೌಕಿ ಹೆಮ್ಮೆಯಿಂದ ತಲೆವಸ್ತ್ರ ಸರಿಮಾಡಿಕೊಂಡಳು. "ಕೇಳಿದ್ರೆ ನಾನ್ಯಾಕೆ ಸುಳ್ಳು ಹೇಳ್ಲಿ?"

ಪ್ರೊಫೆಸರ್ ಹುದಾ ನಬೀಹನ ಕೈಯಿಂದ ಫಲಕ ಕಿತ್ತುಕೊಂಡು, ವೇದಿಕೆಯ ಮೆಟ್ಟಿಲಿಳಿದು ಬಂದು ಲಮೀಸಳ ಕೈಗಿಟ್ಟಳು. "ವರದಿಗಾರಿಕೆ ಅಂದ್ರೆ ಇದು!"

ಮತ್ತೆ ಚಪ್ಪಾಳೆ. ಹೊರಗೆ ಮೆಟ್ಟಿಲ ಮೇಲೆ ಕುಸಿದು ಕೂತ ನಬೀಹನ ಹೆಗಲ ಮೇಲೆ ಅಬೂ ನಸೀಫ್ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡ ಮಗಾ. ಆ ಹುಡುಗಿ ನನ್ನ ಬದುಕಿಸಿದ್ಲು, ನಿಜ. ಆದ್ರೆ ಕುನಾಫದ ಬಗ್ಗೆ ಒಂದಕ್ಷರ ಆಡಿದ್ಲಾ? ನಾಳೆಯಿಂದ ಬಂದು ನನ್ ಅಂಗಡಿ ಬೋರ್ಡ್ ಬರಿ!"