ಜಲಜಮ್ಮನವರ ಗಣಪತಿ ಮತ್ತು ನನ್ನ ಹೆಸರಿಲ್ಲದ ಕಳ್ಳಿ

ಹೆಸರು ಗೊತ್ತಿಲ್ಲದವರನ್ನು ಮನೆಯಲ್ಲಿಟ್ಟುಕೊಂಡರೆ ಬಂದವರಿಗೆಲ್ಲ ಉತ್ತರ ಹೇಳುವುದೇ ಒಂದು ಕೆಲಸವಾಗುತ್ತದೆ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಅಂಥದ್ದೊಂದು ಕಳ್ಳಿಗಿಡವಿದೆ. ಗಾತ್ರ ನೆಲ್ಲಿಕಾಯಿಯಷ್ಟು, ಧಿಮಾಕು ಮಾತ್ರ ಹೇಳತೀರದು. ಒಂದು ಚಮಚ ನೀರು ಜಾಸ್ತಿಯಾದರೆ ಮೆತ್ತಗಾಗುತ್ತದೆ, ಕಡಿಮೆಯಾದರೆ ಮಣ್ಣೊಳಗೆ ಮುಖ ಮರೆಸಿಕೊಳ್ಳುತ್ತದೆ. ಅಕ್ಕಿ ತೊಳೆದ ನೀರು ಹಾಕಬೇಡ ಎಂದು ಹೆಂಡತಿಗೆ ಹೇಳಿ ಹೇಳಿ, "ಹಾಗಾದ್ರೆ ನೀವೇ ಅಡುಗೆ ಮಾಡಿ ಅದಕ್ಕೆ ಬಡಿಸ್ಕೊಳ್ಳಿ" ಎಂದು ಬೈಸಿಕೊಂಡಿದ್ದೇನೆ.

ಕಳ್ಳಿ ಬೆಳೆಸುವವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದೆ. ಅರ್ಧ ಜನ ಇದು ಫ್ರೇಲಿಯಾ ಜಾತಿಯ ಕಳ್ಳಿ ಎಂದರು, ಇನ್ನರ್ಧ ಜನ ನಕ್ಕರು. "ಹೂ ಅರಳ್ಲಿ, ಆಮೇಲ್ ನೋಡೋಣ" ಎಂದು ಗುಂಪಿನ ಹಿರಿಯರು ತೀರ್ಪು ಕೊಟ್ಟರು. ಆದರೆ ಫ್ರೇಲಿಯಾದ ಹೂ ಅರಳುವುದೇ ಅಪರೂಪವಂತೆ. ಕಡುಬಿಸಿಲು ಬಿದ್ದರೆ ನಡುಮಧ್ಯಾಹ್ನ ಸ್ವಲ್ಪ ಹೊತ್ತು, ಇಲ್ಲದಿದ್ದರೆ ಮೊಗ್ಗಿನಲ್ಲೇ ಬೀಜ ಕಟ್ಟಿ ಸುಮ್ಮನಾಗುತ್ತದಂತೆ. ಗುಂಪಿನಲ್ಲಿ ಎಲ್ಲರ ಗಿಡಕ್ಕೂ ಮಾರುದ್ದದ ಹೆಸರು; ನನ್ನದು ಮಾತ್ರ "ಆ ತ್ಯಾಗರಾಜನಗರದವರದ್ದು". ನಿಜ ಹೇಳುತ್ತೇನೆ, ನನಗೆ ಬಹಳ ಅವಮಾನವಾಗುತ್ತಿತ್ತು.

ಈ ಬೇಸಿಗೆಯಲ್ಲಿ ಕೊನೆಗೂ ಒಂದೇ ಒಂದು ಮೊಗ್ಗು ಬಂತು. ಬಿಸಿಲು ತಪ್ಪದಿರಲೆಂದು ಹಿಂದಿನ ಸಂಜೆಯೇ ಕುಂಡವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟೆ. ನಮ್ಮ ಕಡೆ ಗೋಡೆಯಾಚೆ ಇಣುಕಿದ ಹೂವೆಲ್ಲ ಬೆಳಗಿನ ವಾಕಿಂಗಿನವರ ದೇವರಿಗೆ ಸೇರಿದ್ದು ಎಂಬುದು ಬುದ್ಧಿ ಬಂದಾಗಿನಿಂದ ಗೊತ್ತಿದ್ದರೂ, ಮುಳ್ಳಿಗೆ ಯಾರು ಕೈ ಹಾಕುತ್ತಾರೆ ಎಂದುಕೊಂಡೆ. ಬೆಳಗ್ಗೆ ಎದ್ದು ನೋಡಿದರೆ ಮೊಗ್ಗಿಲ್ಲ.

ಎದುರು ಮನೆಯ ಜಲಜಮ್ಮನವರ ಹೂವಿನ ಬುಟ್ಟಿಯ ಪ್ರತಾಪ ನನಗೆ ಗೊತ್ತಿತ್ತು. ಜಗಳಕ್ಕೆ ಸಿದ್ಧನಾಗಿಯೇ ಓಡಿದೆ. "ಬನ್ನಿ ಬನ್ನಿ, ಎಷ್ಟ್ ಚೆನ್ನಾಗಿದೆ ನೋಡಿ ನಿಮ್ಮನೆ ಹೂವು!" ಎಂದು ಅವರು ನನ್ನನ್ನು ದೇವರಮನೆಗೇ ಕರೆದೊಯ್ದರು. ಎರಡು ದೀಪ, ತಲೆಯ ಮೇಲೊಂದು ದೊಡ್ಡ ಬಲ್ಬು. ಆ ಝಳಕ್ಕೆ ನನ್ನ ಮೊಗ್ಗು ಗಣಪತಿಯ ನೆತ್ತಿಯ ಮೇಲೆ ಹಳದಿಯಾಗಿ, ಪೂರ್ತಿ ಅರಳಿ ಕೂತಿತ್ತು. ಖುಷಿಗೆ ನನ್ನ ಕಣ್ಣು ತುಂಬಿತು, ಕೈ ತಾನಾಗಿ ಮುಗಿಯಿತು. ಜಲಜಮ್ಮ ಅದನ್ನು ಭಕ್ತಿ ಎಂದುಕೊಂಡರು.

"ಗಿಡದ ಮೇಲಿಟ್ಟು ಒಂದು ಫೋಟೋ ತೆಗೀಬೇಕಿತ್ತು, ಕೊಡ್ತೀರಾ?" ಎಂದೆ. "ಏರಿಸಿದ್ದನ್ನ ಹಾಗೆಲ್ಲ ಕೇಳ್ಬಾರ್ದು. ಗಿಡಾನೇ ತಂದ್ಬಿಡಿ, ಪ್ರಸಾದ ಅಂತ ಕೊಡ್ತೀನಿ" ಎಂದರು. ಗಿಡ ತಂದೆ, ಹೂ ಕೊಟ್ಟರು. ಮುಳ್ಳುಗಳ ನಡುವೆ ಮೊದಲಿದ್ದ ಜಾಗದಲ್ಲೇ ಹೂವನ್ನು ಕೂರಿಸಿದೆ. ಮೊಬೈಲ್ ತೆಗೆಯುವಷ್ಟರಲ್ಲಿ, ದೇವರೆದುರು ಬಂದ ಗಿಡ ಬೋಳಾಗಿರಬಾರದೆಂದು ಅವರು ಬುಡಕ್ಕೆ ಎರಡು ಚಿಟಿಕೆ ಕುಂಕುಮ ಉದುರಿಸಿದ್ದರು.

ಫೋಟೋವನ್ನು ಗುಂಪಿಗೆ ಹಾಕಿ, ಮನೆಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಹಿರಿಯರ ಉತ್ತರ ಬಂತು. "ಫ್ರೇಲಿಯಾನೇ. ಸಂಶಯವೇ ಇಲ್ಲ." ಹೆಂಡತಿಯ ಕೈ ಹಿಡಿದು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಅಷ್ಟರಲ್ಲಿ ಇನ್ನೊಂದು ಸಂದೇಶ: "ಆದ್ರೆ ಬೆಳ್‌ಬೆಳಗ್ಗೆ ಅರಳಿದ್ದನ್ನ ನಾನು ಕಂಡೇ ಇಲ್ಲ. ಬುಡದಲ್ಲಿರೋ ಕೆಂಪು ಪುಡಿ ಯಾವ ಗೊಬ್ಬರ ಸಾರ್?" ಕಿತ್ತ ಹೂವೆಂದು ಗೊತ್ತಾದರೆ ಸಿಕ್ಕ ಹೆಸರೂ ಹೋದೀತೆಂಬ ಹೆದರಿಕೆಯಲ್ಲಿ "ನಮ್ಮ ಮನೆಯದೇ ತಯಾರಿ" ಎಂದು ಬರೆದುಬಿಟ್ಟೆ.

ಈಗ ಭಾನುವಾರ ಗುಂಪಿಗೆ ಗುಂಪೇ ಆ ತಯಾರಿ ಕಲಿಯಲು ನಮ್ಮ ಮನೆಗೆ ಬರುತ್ತಿದೆ. ಅಂದು ಜಲಜಮ್ಮನವರನ್ನು ಎಲ್ಲಿಗೆ ಸಾಗಹಾಕುವುದೆಂದು ನಾನು ತಲೆ ಕೆಡಿಸಿಕೊಂಡಿದ್ದರೆ, ನನ್ನ ಹೆಂಡತಿ ಆಗಲೇ ಅವರಿಗೆ ಹೇಳಿಬಿಟ್ಟಿದ್ದಾಳೆ. "ಅಷ್ಟು ಜನ ಬರ್ತಿದಾರೆ ಅಂದ್ರೆ ನಾನೇ ಕುಂಕುಮದ ಭರಣಿ ತರ್ತೀನಿ" ಎಂದರಂತೆ.