ಕಣ್ಣಿಗೆ ಬಿದ್ದ ಲೇಸರ್

ಲಿಂಗರಾಜು ಅವರ ಗುಟ್ಟಿಗೆ ಕುತ್ತು ಬಂದದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ಮುಂದೆ. ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯಲ್ಲಿ ಪಕ್ಕದ ಮನೆಯ ಕೋಕಿಲಾ ಎದುರಾಗಿ, "ಏನ್ ವಿಜಯಮ್ಮ, ನಿಮ್ಮನೆಯವರು ವಾಕಿಂಗ್‌ಗೆ ಕಾಣಿಸ್ತಾನೇ ಇಲ್ಲ?" ಎಂದು ಕೇಳಿದರು. ಲಿಂಗರಾಜು ಅವರ ಹೆಂಡತಿಯ ಬಾಯಿಂದ "ಲೇಸರ್ ಆಯ್ತು" ಎಂಬ ಮಾತು ಜಾರಿಬಿಟ್ಟಿತು. ಎಲ್ಲಿಗೆ ಎಂದು ಹೇಳುವ ಮೊದಲೇ ನಾಲಿಗೆ ಕಚ್ಚಿಕೊಂಡರು.

"ಅಯ್ಯೋ, ಕಣ್ಣಿಗಾ?"

ವಿಜಯಮ್ಮ ಸೊಪ್ಪು ಮೂಸುತ್ತಾ ತಲೆಯಾಡಿಸಿದರು. ಸಂಜೆಯೊಳಗೆ ಅವರಿದ್ದ ಊರು ಮಿಸೌರಿ ಸಿಟಿಯ ಕನ್ನಡಿಗರಿಗೆಲ್ಲ ಕಣ್ಣಿನ ಸುದ್ದಿ ತಲುಪಿತು.

ನಿಜಕ್ಕೂ ಲೇಸರ್ ಹೋದದ್ದು ಕಣ್ಣಿಗಿಂತ ಬಹಳ ಕೆಳಗೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರದ ದಾರಿಯನ್ನು ಅಮುಕಿ ಹಿಡಿದಿತ್ತು. ಡಾಕ್ಟರು ಹೊಟ್ಟೆ ಕೊಯ್ಯದೆ, ಮೂತ್ರನಾಳದೊಳಗಿಂದಲೇ ಸಣ್ಣ ಕೊಳವೆ ತೂರಿಸಿ, ಬೆಳೆದ ಭಾಗವನ್ನು ಕಿತ್ತಳೆಯ ತೊಳೆ ಬಿಡಿಸಿದ ಹಾಗೆ ಲೇಸರ್‌ನಿಂದ ಬಿಡಿಸಿ ತೆಗೆದಿದ್ದರು. ಮೊದಲ ಕೆಲವು ವಾರ ಉರಿ, ಓಡಾಟ. ಆಮೇಲೆ ಮಾತ್ರ ಲಿಂಗರಾಜು ಅವರಿಗೆ ಹೊಸ ಜನ್ಮ! ಸಿನಿಮಾ ಪೂರ್ತಿ ನೋಡಬಲ್ಲರು, ಆಫೀಸಿನ ಮೀಟಿಂಗ್‌ನಲ್ಲಿ ಬಾಗಿಲ ಪಕ್ಕದ ಕುರ್ಚಿಗೆ ಹೊಂಚು ಹಾಕಬೇಕಿಲ್ಲ.

ಆ ಧೈರ್ಯದಲ್ಲೇ ಡಾಲಸ್ ಕನ್ನಡ ಸಮ್ಮೇಳನದ ನಾಟಕದಲ್ಲಿ ರಾಜನ ಪಾತ್ರ ಒಪ್ಪಿಕೊಂಡಿದ್ದರು. ಸಿಂಹಾಸನ ಬಿಟ್ಟು ಏಳದೆ ಇಡೀ ದರ್ಬಾರು ನಡೆಸಬೇಕಾದ ಪಾತ್ರ. ಇಷ್ಟು ವರ್ಷ ಅವರು ದ್ವಾರಪಾಲಕನ ವೇಷದಾಚೆಗೆ ಹೋದವರೇ ಅಲ್ಲ. ಬಾಗಿಲಲ್ಲಿ ನಿಂತವನು ನಡುವೆ ಮಾಯವಾದರೂ ಯಾರೂ ಕೇಳುವುದಿಲ್ಲವಲ್ಲ!

ಸಮ್ಮೇಳನದ ಶನಿವಾರ ಬೆಳಿಗ್ಗೆ ವ್ಯಾನ್ ಹೊರಟಿತು. ಒಳಗೆ ನಿರ್ದೇಶಕ ನಂಜುಂಡಸ್ವಾಮಿ, ಅವರ ಹೆಂಡತಿ ಕೋಕಿಲಾ, ಮಂತ್ರಿಯ ಪಾತ್ರದ ಮಹಾಬಲೇಶ್ವರ, ವಿಜಯಮ್ಮ. ಸ್ಟೀರಿಂಗ್ ಹಿಂದೆ ಲಿಂಗರಾಜು.

"ಇವತ್ತು ಡಾಲಸ್‌ವರೆಗೂ ನಾನ್‌ಸ್ಟಾಪ್!" ಎಂದು ಘೋಷಿಸಿ, ಜೇಬಿನಿಂದ ಕನ್ನಡಕ ತೆಗೆದರು.

"ಇದೇನು? ಲೇಸರ್ ಆದ್ಮೇಲೂ ಕನ್ನಡಕವಾ?" ಕೋಕಿಲಾ ಹಿಂದಿನ ಸೀಟಿನಿಂದ ಜಿರಾಫೆಯಂತೆ ಕತ್ತು ಚಾಚಿದರು. "ಆ ಡಾಕ್ಟರ್ ಮೇಲೆ ಕಂಪ್ಲೇಂಟ್ ಮಾಡಿ ನೀವು. ನಾನೇ ಫೋನ್ ಮಾಡ್ಲಾ?"

"ಬೇಡ ಬೇಡ, ಇದು ಅಭ್ಯಾಸ ಬಲ ಅಷ್ಟೆ," ಎಂದು ಲಿಂಗರಾಜು ಕನ್ನಡಕವನ್ನು ಜೇಬಿಗೆ ತುರುಕಿದರು. ವಿಜಯಮ್ಮ ಹಿಂದಿನಿಂದ ಭುಜ ಚಿವುಟಿದರೂ ಲೆಕ್ಕಿಸಲಿಲ್ಲ.

ಮುಂದಿನ ಕಾರು ಕಾಣುತ್ತಿತ್ತು. ಮೇಲಿನ ಹಸಿರು ಬೋರ್ಡುಗಳು ಮಾತ್ರ ಪಲ್ಯದ ಹಾಗೆ ಕಲಸಿಹೋಗಿದ್ದವು. ಲಿಂಗರಾಜು ಮಾತಿನ ಹುರುಪಿನಲ್ಲಿ ಅಂದಾಜಿನ ಮೇಲೆ ವ್ಯಾನ್ ತಿರುಗಿಸಿದರು. ಬಹಳ ಹೊತ್ತು ಸುಖವಾಗಿ ಸಾಗಿತು.

"ಅಲ್ರೀ, ಡಾಲಸ್ ದಾರ್ಯಾಗ ಬರೋ ದ ವುಡ್‌ಲ್ಯಾಂಡ್ಸ್ ಊರು ಇನ್ನೂ ಬರ್ಲೇ ಇಲ್ಲಲ್ರೀ?" ಎಂದರು ಮಹಾಬಲೇಶ್ವರ. "ಎರಡೂ ಕಡೆ ಬರೇ ದನಾ ಕಾಣ್ತಾವ."

ನಂಜುಂಡಸ್ವಾಮಿ ಫೋನ್ ನೋಡಿ ಚೀರಿದರು. "ಲಿಂಗರಾಜು! ನಾವು ಆಸ್ಟಿನ್‌ಗೆ ಹೋಗ್ತಾ ಇದೀವಿ! ಅಷ್ಟು ದೊಡ್ಡ ಬೋರ್ಡ್ ಕಾಣ್ಲಿಲ್ವಾ?"

"ನೋಡಿ, ನಾನು ಹೇಳ್ಲಿಲ್ವಾ? ಕಣ್ಣು ಹಾಳು ಮಾಡಿದಾರೆ!" ಕೋಕಿಲಾ ಫೋನ್ ಕೈಗೆತ್ತಿಕೊಂಡರು. "ನಮ್ಮ ಅಣ್ಣನ ಮಗ ಲಾಯರ್ ಇದಾನೆ. ಈಗ್ಲೇ ಕೇಸ್ ಹಾಕ್ಸೋಣ."

ಲಿಂಗರಾಜು ಬೆವತುಹೋದರು. ತನಗೆ ಹೊಸ ಜೀವ ಕೊಟ್ಟ ಡಾಕ್ಟರಿಗೆ ಕೋರ್ಟು ಕಾಣಿಸುವುದೇ? ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ ಹೇಳಿಬಿಟ್ಟರು. "ಲೇಸರ್ ಆಗಿದ್ದು ಕಣ್ಣಿಗಲ್ಲ. ಪ್ರಾಸ್ಟೇಟ್‌ಗೆ!"

ನಗು ಸಿಡಿಯುತ್ತದೆಂದು ಲಿಂಗರಾಜು ಕಾದರು. ನಗು ಬರಲಿಲ್ಲ. ನಂಜುಂಡಸ್ವಾಮಿ ಮುಂದೆ ಬಾಗಿ ಲಿಂಗರಾಜು ಅವರ ತೋಳು ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

"ಮಹರಾಯ, ಇದನ್ನ ಮೊದಲೇ ಹೇಳೋಕೇನಾಗಿತ್ತು? ನನಗೂ ಅದೇ ಪಾಡು! ನೀನು ಅಲ್ಲಲ್ಲಿ ಕಾಫಿ ಅಂತ ನಿಲ್ಲಿಸ್ತೀಯ ಅನ್ನೋ ಒಂದೇ ಧೈರ್ಯದ ಮೇಲೆ ನಿನ್ನ ಗಾಡಿ ಹತ್ತೋದು ನಾನು. ಇವತ್ತು ನಾನ್‌ಸ್ಟಾಪ್ ಅಂದಾಗಿಂದ ಹಲ್ಲು ಕಚ್ಕೊಂಡು ಕೂತಿದೀನಿ. ಮೊದಲು ಟಾಯ್ಲೆಟ್ ಇರೋ ಒಂದು ಗ್ಯಾಸ್ ಸ್ಟೇಷನ್ ನೋಡು!"

"ನನಗೂರೀ, ಲಗೂನ ಹೋಗ್ರೀ," ಎಂದರು ಮಹಾಬಲೇಶ್ವರ.

ಲಿಂಗರಾಜು ಕನ್ನಡಕ ಏರಿಸಿ ವ್ಯಾನ್ ತಿರುಗಿಸಿದರು. ಈಗ ಯಾರಿಗೂ ಸಂಕೋಚವೇ ಉಳಿದಿರಲಿಲ್ಲ. ಕಂಡ ಗ್ಯಾಸ್ ಸ್ಟೇಷನ್ನಿಗೆಲ್ಲ ವ್ಯಾನ್ ನುಗ್ಗಿತು. ಒಳಗೆ ಹೋದವರು ಹೊರಬಂದು "ಉರಿ ಎಷ್ಟು ದಿನ?", "ಮತ್ತೆ ಬೆಳೀತದೇನ್ರೀ?" ಎಂದು ಮುತ್ತಿಕೊಳ್ಳುತ್ತಿದ್ದರು. ಇದ್ದವರಲ್ಲಿ ಅವಸರವಿಲ್ಲದ ಒಬ್ಬನೇ ಗಂಡಸು, ಲಿಂಗರಾಜು, ಪ್ರತಿ ಬಾಗಿಲಲ್ಲೂ ಉತ್ತರ ಹೇಳುತ್ತಾ ಕಾದರು. ಕೊನೆಯ ಸ್ಟಾಪಿನಲ್ಲಿ ಕಿರೀಟ, ಮೀಸೆ, ಜರಿಯ ಅಂಗಿ ತೊಟ್ಟು ಸಿದ್ಧರೂ ಆದರು.

ಡಾಲಸ್ ಸಭಾಂಗಣಕ್ಕೆ ಓಡಿ ಬಂದಾಗ ಸ್ಟೇಜಿನ ಮೇಲೆ ಬೇರೆಯವರ ಕೋಲಾಟ ಮುಗಿಯುತ್ತಿತ್ತು. ನಾಟಕದ ಸಮಯ ಕಳೆದೇಹೋಗಿತ್ತು. ಉಳಿದದ್ದು ಊಟಕ್ಕೆ ಮುಂಚಿನ ಪುಟ್ಟ ಬಿಡುವು ಮಾತ್ರ. ಲಿಂಗರಾಜು ಅವರ ಮುಖ ಬಾಡಿತು.

"ಬೇಜಾರ್ ಮಾಡ್ಕೋಬೇಡಿ, ನಿಮಗೆ ಸ್ಟೇಜ್ ಕೊಡಿಸೋ ಜವಾಬ್ದಾರಿ ನಂದು," ಎಂದು ಕೋಕಿಲಾ ಬಾಣದಂತೆ ಹೋಗಿ ಮೈಕ್ ಕಸಿದುಕೊಂಡರು.

"ಆತ್ಮೀಯ ಕನ್ನಡಿಗರೆ! ನಾಟಕದ ಬದಲು ಈಗೊಂದು ಉಪಯುಕ್ತ ಕಾರ್ಯಕ್ರಮ. ಪ್ರಾಸ್ಟೇಟ್‌ಗೆ ಲೇಸರ್ ಮಾಡಿಸ್ಕೊಂಡ ಸ್ವಂತ ಅನುಭವವನ್ನ ಶ್ರೀ ಲಿಂಗರಾಜು ಅವರು ಹಂಚಿಕೊಳ್ತಾರೆ. ಅಂಕಲ್‌ಗಳೆಲ್ಲ ದಯವಿಟ್ಟು ಮುಂದಿನ ಸಾಲಿಗೆ ಬನ್ನಿ!"

ಚಪ್ಪಾಳೆಗೆ ಸಭಾಂಗಣ ನಡುಗಿತು. ಮುಂದಿನ ಸಾಲುಗಳು ಕ್ಷಣದಲ್ಲಿ ತುಂಬಿದವು. ಯಾರೋ ಕಿರೀಟ ಸರಿಮಾಡಿ ಸ್ಟೇಜಿನ ಮೇಲಕ್ಕೆ ನೂಕಿದರು. ಇನ್ನು ಮುಚ್ಚಿಡುವುದೇನಿದೆ! ಲಿಂಗರಾಜು ಮೀಸೆ ಒತ್ತಿಕೊಂಡು, ಮೈಕ್ ಹಿಡಿದು, ಗಂಟಲು ಸರಿಮಾಡಿಕೊಂಡರು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಹಿರಿಯರೊಬ್ಬರು ಕೈಯೆತ್ತಿದರು.

"ಸ್ವಾಮಿ, ಶುರು ಮಾಡ್ಬೇಡಿ, ಒಂದ್ನಿಮಿಷ. ಹೀಗ್ಹೋಗಿ ಹಾಗ್ಬಂದೆ."

ಅವರು ಎದ್ದರು. ಅವರ ಹಿಂದೆ ಸಾಲಿಗೆ ಸಾಲೇ ಎದ್ದಿತು.