ಮಲಗಿ ನೋಡಬೇಕಾದ ಬಣ್ಣ

ನಮ್ಮ ಮಾವನವರು ನನ್ನನ್ನು ಅಳಿಯನನ್ನಾಗಿ ಆರಿಸಿಕೊಳ್ಳಲು ತೆಗೆದುಕೊಂಡ ಸಮಯ ಒಂದು ಬಟ್ಟಲು ಚಹಾ ಆರುವಷ್ಟು. ಜಾತಕ ಕೇಳಲಿಲ್ಲ, ಹೊಲಮನೆ ವಿಚಾರಿಸಲಿಲ್ಲ. ಹುಮನಾಬಾದಿನಲ್ಲಿ ಮಾಸ್ತರಿಕೆ ಮಾಡುತ್ತೇನೆ ಎಂದೆ. "ಆತು ಬಿಡ್ರಿ" ಎಂದು ಬಸಿಯನ್ನು ಕೆಳಗಿಟ್ಟರು. ಅಷ್ಟೇ! ಅದೇ ಮನುಷ್ಯ ತಮ್ಮ ಮನೆಯ ಹತ್ತಡಿಯ ಒಂದು ಕೋಣೆಗೆ ಬಣ್ಣ ಆರಿಸಲು ಎರಡೂವರೆ ತಿಂಗಳು ತೆಗೆದುಕೊಂಡರು. ಅಳಿಯನಿಗಿಂತ ಗೋಡೆ ದೊಡ್ಡದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ. ಉತ್ತರವೂ ಸಿಕ್ಕಿತು, ಆದರೆ ಅಷ್ಟರೊಳಗೆ ನನ್ನ ಮೂರು ಅಂಗಿಗಳು ಹಾಳಾಗಿದ್ದವು.

ಮಾವನವರದು ಬಸವಕಲ್ಯಾಣದ ಪೇಟೆಯಲ್ಲಿ ಬಟ್ಟೆ ಅಂಗಡಿ. ಬಣ್ಣದ ವಿಷಯದಲ್ಲಿ ಅವರಷ್ಟು ಚುರುಕಿನ ಮನುಷ್ಯ ಇಡೀ ಕಲ್ಯಾಣದಲ್ಲಿ ಇರಲಿಲ್ಲ. ಯಾವ ಹೆಣ್ಣುಮಗಳಾದರೂ ಎರಡು ಸೀರೆಗಳ ನಡುವೆ ತೊಳಲಾಡುತ್ತ ಕೂತರೆ ಅವರಿಗೆ ತಡೆಯುತ್ತಿರಲಿಲ್ಲ. "ತಂಗೀ, ಸೀರಿ ಆರಸಾಕತ್ತೀಯೋ, ಸೊಸಿನ ಆರಸಾಕತ್ತೀಯೋ? ಈ ಆಸ್ಮಾನಿ ನೀಲಿ ತಗೋ, ನಡೀ" ಎಂದು ಮಡಚಿ ಕಟ್ಟಿಯೇ ಬಿಡುತ್ತಿದ್ದರು. ಹಾಗೆ ಕಟ್ಟಿಸಿಕೊಂಡು ಹೋದವರು ಯಾರೂ ತಿರುಗಿ ತಂದುಕೊಟ್ಟದ್ದನ್ನು ನಾನು ಕೇಳಿಲ್ಲ.

ಮತ್ತೆ ಗೋಡೆಯ ಮುಂದೆ ಈ ಮನುಷ್ಯನಿಗೆ ಏನಾಯಿತು? ಹೇಳುತ್ತೇನೆ. ನನ್ನ ಹೆಂಡತಿ ಎರಡನೆಯ ಸಲ ಬಸುರಿಯಾಗಿದ್ದಳು. ಮೊದಲ ಕೂಸು ತವರಿನ ಆ ಕೋಣೆಯಲ್ಲಿಯೇ ಹುಟ್ಟಿ, ಒಂಬತ್ತು ದಿನ ಇದ್ದು, ಹೋಗಿಬಿಟ್ಟಿತ್ತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ. ಈ ಸಲ ಬಾಣಂತನಕ್ಕೆ ಕರೆಯಲು ಹುಮನಾಬಾದಿಗೆ ಬಂದ ಅಪ್ಪನಿಗೆ ಅವಳು, "ಮನಿಗಿ ಬರ್ತೀನಪ್ಪಾ, ಆ ಖೋಲಿಗಿ ಮಾತ್ರ ಬರಾಂಗಿಲ್ಲ" ಎಂದಳು. ಅವರ ಮನೆಯಲ್ಲಿ ಬಾಗಿಲು ಇರುವ ಕೋಣೆ ಅದೊಂದೇ. ಉಳಿದದ್ದು ಪಡಸಾಲೆ, ಅಡುಗೆಮನೆ, ಅಂಗಳ. ನನ್ನ ಕಡೆ ತಾಯಿ ಇಲ್ಲ, ಅಕ್ಕತಂಗಿಯರಿಲ್ಲ. ಹುಮನಾಬಾದಿನಲ್ಲೇ ಹೆರಿಗೆಯಾದರೆ ತಾಯಿ ಕೂಸನ್ನು ನೋಡಿಕೊಳ್ಳುವವರು ಯಾರು? ಮಾವನವರು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸಿದರು. ಆಮೇಲೆ, "ಆ ಖೋಲಿ ಇರಾಂಗಿಲ್ಲವ್ವ. ಬ್ಯಾರೆ ಖೋಲಿ ಮಾಡ್ತೀನಿ" ಎಂದು ಎದ್ದುಹೋದರು.

ಗೋಡೆ ಕೆಡವುತ್ತಾರೆಂದು ನಾನು ತಿಳಿದೆ. ಕೆಡವಿದ್ದರೆ ಬೇಗ ಮುಗಿಯುತ್ತಿತ್ತು!

ಎಂಟು ದಿನಕ್ಕೆ ಒಂದು ಕಾರ್ಡು ಬಂತು: "ರವಿವಾರ ಬರ್ರಿ, ಬಣ್ಣ ನೋಡುವುದದೆ." ಮುಂದಿನ ವಾರ ಇನ್ನೊಂದು. ಅದರ ಮುಂದಿನ ವಾರ ಮತ್ತೊಂದು. ಆರು ದಿನ ಮಕ್ಕಳಿಗೆ ಬೀಜಗಣಿತ ಕಲಿಸಿ ದಣಿದವನು ಏಳನೆಯ ದಿನ ಬಸ್ಸಿನಲ್ಲಿ ಜೋತುಬಿದ್ದು ಕಲ್ಯಾಣಕ್ಕೆ ಹೋಗಬೇಕು. ಅಳಿಯ ಬಂದನೆಂದರೆ ಕಾಲಿಗೆ ನೀರು, ಹೋಳಿಗೆ, ತುಪ್ಪ ಎಂದು ನಮ್ಮ ಕಡೆ ಪದ್ಧತಿ ಇದೆಯಲ್ಲ? ನನಗೆ ಸಿಕ್ಕದ್ದು ಬೇರೆ.

"ಬರ್ರಿ ಅಳಿಯಾರ. ಚಹಾ ಆಮ್ಯಾಲ. ಮದಲ ಮಕ್ಕೋರಿ."

ಕೋಣೆಯ ನಡುವೆ ಒಂದು ಹೊರಸು. ಎದುರಿನ ಗೋಡೆಯ ಮೇಲೆ ಪಿಸ್ತಾ, ಗುಲಾಬಿ, ಬದಾಮಿ ಎಂದು ಏಳೆಂಟು ತೇಪೆಗಳು.

"ಯಾಕ್ರಿ ಮಾವಾರ? ನಿಂತು ನೋಡಿದ್ರ ಕಾಣಂಗಿಲ್ಲೇನು?"

"ನಿಂತು ನೋಡವರು ನಾವು. ಬಾಣಂತಿ ಹಗಲೆಲ್ಲ ಮಕ್ಕೊಂಡೇ ಇರತಾಳ. ಆಕಿ ಕಣ್ಣಿಗಿ ಹ್ಯಾಂಗ ಕಾಣತದ ಅದು ಹೇಳ್ರಿ."

ಮಲಗಿದೆ. ಬಾಣಂತಿಯ ಕೋಣೆಯಲ್ಲಿ ಗಾಳಿ ಬರಬಾರದೆಂದು ಕಿಟಕಿ ಮುಚ್ಚಿರುತ್ತಾರೆ. ಆದ್ದರಿಂದ ಕಿಟಕಿ ಮುಚ್ಚಿದರು. ಹಾಡಹಗಲೇ ಲಾಟೀನು ಹಚ್ಚಿದರು. ಅಷ್ಟಕ್ಕೂ ಸಮಾಧಾನವಾಗದೆ ಅತ್ತೆಯವರ ಹಳೆಯ ಸೀರೆಯ ತುಂಡಿನಿಂದ ನನ್ನ ತಲೆ, ಕಿವಿ ಎಲ್ಲ ಸುತ್ತಿ ಕಟ್ಟಿದರು! ಅದೇ ಹೊತ್ತಿಗೆ ಚಹಾ ತಂದ ಅತ್ತೆ, ಬಾಣಂತಿಯ ವೇಷದಲ್ಲಿ ಅಂಗಾತ ಬಿದ್ದಿದ್ದ ಹೈಸ್ಕೂಲು ಮಾಸ್ತರನನ್ನು ಕಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹಾಗೆಯೇ ಹಿಂದೆ ಸರಿದರು. ಆ ಚಹಾ ಕೊನೆಗೂ ನನಗೆ ಬರಲಿಲ್ಲ.

ಆ ಹೊರಸಿನ ಮೇಲೆ ಮಲಗಿದವನು ನಾನೊಬ್ಬನೇ ಅಲ್ಲ. ಟಪಾಲಿನವನು ಮಲಗಿದ, ಹಾಲಿನವನು ಮಲಗಿದ, ಓಣಿಯ ಸೂಲಗಿತ್ತಿ ಮಲಗಿ "ಯಪ್ಪಾ, ನನ್ನ ಜಲ್ಮದಾಗ ಹಿಂತಾ ಕೆಲಸ ಮಾಡಿದ್ದಿಲ್ಲ" ಎಂದಳು. ಒಂದು ದಿನ ಕೊಹಿನೂರು ಹಳ್ಳಿಯ ರೈತನೊಬ್ಬ ಧೋತರ ಕೊಳ್ಳಲು ಅಂಗಡಿಗೆ ಬಂದಿದ್ದ. ಊರಿಂದ ನಡೆದು ಬಂದ ಮನುಷ್ಯ. ಮಾವನವರು ಅವನನ್ನು ಮನೆಗೆ ಕರೆತಂದು ಮಲಗಿಸಿ, ಆಸ್ಮಾನಿ ಬಣ್ಣ ತೋರಿಸಿ, ಅಂಗಡಿಗೆ ಹೋಗಿ ಮರೆತೇಬಿಟ್ಟರು. ಸಂಜೆ ನೋಡಿದರೆ ಅವನು ಗೊರಕೆ ಹೊಡೆಯುತ್ತಿದ್ದಾನೆ.

"ಹ್ಯಾಂಗ ಅದ ಬಣ್ಣ?"

"ಭಾಳ ಛಲೋ ಅದರಿ ಸಾವಕಾರ. ಕಣ್ಣಿಗಿ ಹತ್ತಿದ ಕೂಡ್ಲೆ ನಿದ್ದಿ ಬರ್ತದ."

ಇನ್ನೇನು ಆಸ್ಮಾನಿ ಖಾಯಂ ಆಯಿತು ಎಂದು ಎಲ್ಲರೂ ಉಸಿರು ಬಿಟ್ಟೆವು. ಬೆಳಿಗ್ಗೆ ಎದ್ದ ಮಾವನವರು, "ಬ್ಯಾಡ. ಆಕಿಗಿ ಹಿಂಗ ನಿದ್ದಿ ಬಂದ್ರ ಕೂಸು ಅತ್ತದ್ದು ಕೇಳಸಾಂಗಿಲ್ಲ" ಎಂದು ಅದನ್ನು ಅಳಿಸಿಹಾಕಿದರು.

ಬಣ್ಣ ಬಳಿಯಲು ಬಂದವನು ಖಾಸಿಮಸಾಬ. ಸುಣ್ಣಕ್ಕೆ ಬಣ್ಣದ ಪುಡಿ ಕಲಸುವುದರಲ್ಲಿ ಪಳಗಿದ ಕೈ. ಸುಣ್ಣ ಹಸಿ ಇದ್ದಾಗ ಗಾಢ, ಒಣಗಿದರೆ ತಿಳಿ. ಇದು ಅವನಿಗೆ ಗೊತ್ತು. ಮಾವನವರಿಗೂ ಗೊತ್ತಿರಬೇಕಿತ್ತು, ಬಟ್ಟೆಯವರಲ್ಲವೇ! ಆದರೆ ಅವರು ಹಸಿ ಗೋಡೆ ನೋಡಿ "ವಾಹ್" ಎನ್ನುವರು, ಮರುದಿನ ಒಣಗಿದ್ದನ್ನು ನೋಡಿ "ಯಾರು ಕದ್ದೊಯ್ದರು?" ಎನ್ನುವರು.

"ಕಾಕಾ, ಚುನ್ನಾ ಒಣಗಲಿ ಬಿಡ್ರಿ. ಹಸಿ ಇದ್ದಾಗ ಒಂದು ರಂಗ್, ಒಣಗಿದ್ರ ಒಂದು ರಂಗ್. ನಾ ಏನ್ ಮಾಡ್ಲಿ?"

"ಹಂಗಾರ ಒಣಗಿದ್ದು ಮದಲೇ ತೋರ್ಸು."

ಖಾಸಿಮಸಾಬ ಬ್ರಶ್ಶು ಕೆಳಗಿಟ್ಟು ಆಕಾಶ ನೋಡಿದ. ಆದರೆ ಮಾವನವರು ಸೋಲಲಿಲ್ಲ. ಅಂಗಡಿಯಿಂದ ಬಿಳಿ ಬಟ್ಟೆಯ ಚೂರುಗಳನ್ನು ತಂದು, ಒಂದೊಂದನ್ನೂ ಒಂದೊಂದು ಬಣ್ಣದ ಸುಣ್ಣದಲ್ಲಿ ಅದ್ದಿ, ಅಂಗಳದ ಹಗ್ಗಕ್ಕೆ ಒಣಹಾಕಿದರು. ಓಣಿಯ ಹೆಂಗಸರು ಬಂದು ಗಜಕ್ಕೆ ಎಷ್ಟು ಎಂದು ಕೇಳಿದರು! ಆ ಸಾಲಿನಲ್ಲಿ ಒಂದು ಚೂರು ಮಾತ್ರ ರೇಷ್ಮೆಯ ಮಿಂಚಿನದು. ಅತ್ತೆಯವರು ಹತ್ತಿರ ಹೋಗಿ ನೋಡಿ ಹೌಹಾರಿದರು. ಮದುವೆಯಲ್ಲಿ ಅವರ ತಾಯಿ ಕೊಟ್ಟ ಇಳಕಲ್ಲ ಸೀರೆಯ ಸೆರಗು.

"ಏನ್ರೀ, ನನ್ನ ಸೆರಗು ಕತ್ತರಿಸೀರಲ್ಲ!"

"ಒಂದು ಗೇಣು ಅಷ್ಟ. ಆ ಕೆಂಪು ಎಲ್ಲೂ ಸಿಗಲಿಲ್ಲ."

"ಸಿಗದಿದ್ದರ ನನ್ನ ಮೂಗು ಕೊಯ್ದು ತಗೋತಿದ್ರೇನು?"

"ಅದರ ಬಣ್ಣ ನನಗ ಪಸಂದಿಲ್ಲ ಬಿಡು."

ಮೂರು ದಿನ ಅತ್ತೆಯವರು ಅವರ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತಾಡಿದ್ದು ಕೂಡ ನನ್ನ ಮೂಲಕ: "ಅವರಿಗಿ ಹೇಳ್ರಿ, ಬಾಣಂತಿ ಖೋಲಿದಾಗ ದಿನಾ ಎರಡು ಹೊತ್ತು ಕೆಂಡ ಇಟ್ಟು ಹೊಗಿ ಹಾಕ್ತಾರ. ಯಾ ಬಣ್ಣ ಹಚ್ಚಿದ್ರೂ ಹದಿನೈದು ದಿನದಾಗ ಕರ್ರಗ ಆಗತದ." ಎಷ್ಟು ಸತ್ಯವಾದ ಮಾತು! ನಾನು ಹೇಳಿದೆ. ಅವರು ಕೇಳಲಿಲ್ಲ.

ಕಲ್ಯಾಣದ ಪುಡಿಗಳು ಮುಗಿದವು. ಆಗ ಹುಮನಾಬಾದಿನ ಸರದಿ. ಡಬ್ಬಿಯ ಡಿಸ್ಟೆಂಪರ್ ಬಂದಿದೆಯೆಂದು ಯಾರೋ ಅವರ ಕಿವಿಗೆ ಹಾಕಿದರು. ಅಂಗಡಿಯವನು ಬಣ್ಣದ ಕಾಗದ ತೋರಿಸಿದ. ಮಾವನವರು ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ, "ಒಂದು ಗೇಣು ನಮೂನಾ ಕೊಡ್ರಿ" ಎಂದರು. ಬಟ್ಟೆಯಾದರೆ ಗೇಣು ಕತ್ತರಿಸಬಹುದು, ಬಣ್ಣವನ್ನು? ಪಾಪದ ಮನುಷ್ಯ ಬೇಸತ್ತು ಒಂದು ಹಲಗೆಗೆ ಹಸಿರು ಬಳಿದು ಕೊಟ್ಟ. ಆ ಹಸಿ ಹಲಗೆ ನಮ್ಮ ಜೊತೆ ಬಸ್ಸು ಹತ್ತಿತು. ನಿಲ್ಲಲು ಜಾಗವಿಲ್ಲದ ಬಸ್ಸು. ನಮ್ಮ ಪಕ್ಕದಲ್ಲಿ ಹಳ್ಳಿಖೇಡದ ಕಬ್ಬಿನವನೊಬ್ಬ, ಬೀಗರ ಮನೆಗೆ ಹೊರಟವನು, ಇಸ್ತ್ರಿಯ ಬಿಳಿ ಅಂಗಿ ತೊಟ್ಟು ನಿಂತಿದ್ದ. ಬಸ್ಸು ಒಂದು ತಗ್ಗಿಗೆ ಇಳಿದೆದ್ದಾಗ ಹಲಗೆ ಅವನ ಬೆನ್ನಿಗೆ ಅಂಟಿತು.

ಅವನು ತಿರುಗಿ ಬಾಯಿ ತೆರೆಯುವ ಮೊದಲೇ ಮಾವನವರು, "ಜರಾ ಹಂಗೇ ನಿಂದರ್ರಿ" ಎಂದು ನಿಂತಲ್ಲೇ ತಲೆ ಹಿಂದಕ್ಕೆ ಮಾಡಿ, ಕಣ್ಣು ಕಿರಿದು ಮಾಡಿ ಅವನ ಬೆನ್ನು ನೋಡಿದರು. "ಅಳಿಯಾರ, ಬಿಳಿ ಮ್ಯಾಲ ಬಂದ್ರ ಈ ಹಸಿರು ಖರೇನ ಛಲೋ ಕಾಣತದ ನೋಡ್ರಿ!" ಆ ಮನುಷ್ಯನಿಗೆ ಅಂಗಿಯ ಅರಿವೆ ಕೊಡುತ್ತೇವೆಂದು ಮಾತು ಕೊಟ್ಟು ನಾನು ಜೀವ ಉಳಿಸಿಕೊಂಡೆ. ಹಸಿರು ಕೂಡ ಮರುದಿನವೇ ಬೇಡವಾಯಿತು.

ದಿನ ತುಂಬಲು ಇಪ್ಪತ್ತೇ ದಿನ ಉಳಿದಿತ್ತು. ದಸರೆಯ ಕೆಲಸಗಳಿವೆ ಎಂದು ಖಾಸಿಮಸಾಬ ಕೈ ಮುಗಿದು ಹೊರಟುಹೋದ. ಆ ರವಿವಾರ ನಿಚ್ಚಣಿಕೆ ಹತ್ತಿದವನು ನಾನು. ಅಳಿಯನ ಕೈಯಲ್ಲಿ ಸುಣ್ಣದ ಬ್ರಶ್ಶು ನೋಡಲಾರದೆ ಅತ್ತೆ ಮುಖ ಮುಚ್ಚಿಕೊಂಡು ನೆರೆಮನೆಗೆ ಹೋದರು. ಕೆಳಗೆ ಹೊರಸಿನ ಮೇಲೆ ಮಾವನವರು ಮಲಗಿದ್ದರು. "ಇನ್ನಾ ಜರಾ ತಿಳಿ ಮಾಡ್ರಿ... ಬ್ಯಾಡ, ಜರಾ ಗಟ್ಟಿ ಮಾಡ್ರಿ..." ಸುಣ್ಣದ ಹನಿ ನನ್ನ ಕಣ್ಣಿಗೆ ಬಿತ್ತು. ನನಗೆ ಸಾಕಾಗಿಹೋಗಿತ್ತು. ಆ ಕೋಣೆ ಸಾಕಾಗಿತ್ತು, ಬಸ್ಸು ಸಾಕಾಗಿತ್ತು, ಹೆಂಡತಿಯ ಮುಖ ನೋಡಿದಾಗಲೆಲ್ಲ ಎದೆಯಲ್ಲಿ ಆಗುತ್ತಿದ್ದ ಹೆದರಿಕೆ ಸಾಕಾಗಿತ್ತು.

"ಮಾವಾರ, ಇದು ಬರೇ ಗ್ವಾಡಿ ಅದ. ಗ್ವಾಡಿ ಬಣ್ಣ ನೋಡಿ ಕೂಸು ಉಳೀತದೇನ್ರಿ?" ಎಂದುಬಿಟ್ಟೆ.

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವರು ಸಿಟ್ಟಾಗಲಿಲ್ಲ. ಮಲಗಿದಲ್ಲಿಂದಲೇ ಗೋಡೆಗೆ ಹೇಳುವವರ ಹಾಗೆ ಹೇಳಿದರು:

"ನನಗೂ ತಿಳೀತದ್ರಿ. ಹ್ವಾದ ಸಲ ಕೂಸು ಹ್ವಾದ ಮ್ಯಾಲ ಆಕಿ ಒಂದು ತಿಂಗಳು ಈ ಗ್ವಾಡಿ ಕಡಿ ಮಾರಿ ಮಾಡಿ ಮಕ್ಕೊಂಡಿದ್ಲು. ನೀವು ಊರಿಗಿ ಹೋಗಿದ್ರಿ. ನಾ ದಿನಾ ಅಂಗಡಿಂದ ಬಂದು ಬಾಗಿಲದಾಗ ನಿಂದರ್ತಿದ್ದೆ. ಆಕಿ ಬೆನ್ನು ಅಷ್ಟ ಕಾಣತಿತ್ತು. ಮಾರಿ ಈ ಕಡಿ ಮಾಡವ್ವಾ ಅನ್ನಾಕ ನನಗ ಧೈರ್ಯ ಆಗಲಿಲ್ಲ. ಆಕಿ ಈ ಗ್ವಾಡಿದಾಗ ಏನ್ ನೋಡಿದ್ಲು ಗೊತ್ತಿಲ್ರಿ. ಅದು ಮತ್ತ ಕಾಣಬಾರದು, ಇಷ್ಟ."

ಶಾಲೆಗೆ ರಜೆ ಇಲ್ಲವೆಂದು ಆಗ ಕೂಸು ಹೋದ ಎಂಟೇ ದಿನಕ್ಕೆ ಹುಮನಾಬಾದಿಗೆ ಓಡಿಬಂದವನು ನಾನು. ನಿಚ್ಚಣಿಕೆ ಇಳಿದು, ಉಳಿದಿದ್ದ ಪುಡಿಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದೆ. ಹಾಲಿಗೆ ಬೆಲ್ಲ ಬಿದ್ದಂಥ, ಹೆಸರಿಲ್ಲದ ಒಂದು ಬಣ್ಣ ಬಂತು. ಇಬ್ಬರೂ ಸೇರಿ ಸಂಜೆಯವರೆಗೆ ಬಳಿದೆವು. ಒಣಗಿದ ಮೇಲೆ ಅವರು ಮಲಗಿ ನೋಡಿ, "ಇದಾ ಇರಲಿ" ಎಂದರು. ಒಪ್ಪಿದರೋ, ದಣಿದರೋ, ನಾನು ಕೇಳಲಿಲ್ಲ.

ಹತ್ತು ದಿನದ ನಂತರ ಅವಳನ್ನು ಕರೆತಂದೆ. ಮಾವನವರು ಹೊಸ ಧೋತರ ಉಟ್ಟು ಬಾಗಿಲ ಪಕ್ಕ ನಿಂತಿದ್ದರು. ಅವಳು ಹೊಸ್ತಿಲ ಮುಂದೆ ನಿಂತಳು. ಆಮೇಲೆ ತಾಯಿಯ ಕೈ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಒಳಗೆ ಹೋದಳು. ಎರಡೂವರೆ ತಿಂಗಳ ದುಡಿಮೆ, ಅವಳು ಕಣ್ಣು ಮುಚ್ಚಿಕೊಂಡೇ ಒಳಗೆ ಹೋದಳು! ಅಂದೇ ಸಂಜೆ ಬೇನೆ ಶುರುವಾಯಿತು. ಹೆಣ್ಣು ಕೂಸು ಹುಟ್ಟಿತು. ಮುಂದಿನ ಒಂಬತ್ತು ದಿನ ನಾವು ಯಾರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ. ಈ ಸಲ ನಾನು ರಜೆ ಹಾಕಿ ಅಲ್ಲೇ ಇದ್ದೆ. ಹತ್ತನೆಯ ದಿನ ಬಂತು, ಹೋಯಿತು. ಹನ್ನೊಂದನೆಯದೂ ಹೋಯಿತು. ಕೂಸು ಓಣಿಗೆ ಕೇಳುವಂತೆ ಅಳುತ್ತಿತ್ತು.

ತಿಂಗಳು ತುಂಬಿದ ಮೇಲೆ ಒಂದು ರವಿವಾರ ಮಧ್ಯಾಹ್ನ ಮಾವನವರು ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತರು. ಅಷ್ಟು ದಿನ ತಡೆದುಕೊಂಡಿದ್ದನ್ನು ಕೊನೆಗೂ ಕೇಳಿದರು.

"ಗ್ವಾಡಿ ಬಣ್ಣ ಹ್ಯಾಂಗ ಅದವ್ವಾ?"

ಅವಳು ಗೋಡೆಗೆ ಬೆನ್ನು ಹಾಕಿ, ಬಾಗಿಲ ಕಡೆ ಮಗ್ಗಲಾಗಿ, ಕೂಸಿನ ಮುಷ್ಟಿಯನ್ನು ಬಿಡಿಸಿ ಬೆರಳು ನೋಡುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಯಾ ಗ್ವಾಡಿ, ಅಪ್ಪಾ?"

ಮಾವನವರು ಚೌಕಟ್ಟು ಹಿಡಿದುಕೊಂಡರು. ಮೊದಲು ನಕ್ಕರು, ನಗುನಗುತ್ತಲೇ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಪಡಸಾಲೆಯಲ್ಲಿದ್ದ ನನ್ನ ಕಡೆ ತಿರುಗಿ, ಇಡೀ ಪೇಟೆಗೆ ಸಾರುವಂತೆ ಕೂಗಿದರು:

"ಅಳಿಯಾರ, ನೋಡೇ ಇಲ್ರಿ! ನನ್ನ ಮಗಳು ಗ್ವಾಡಿ ನೋಡೇ ಇಲ್ಲ!"